ದೊಡ್ಡಮ್ಮ ಪ್ರಶ್ನೆ ಬಿಟ್ಟ ತಪಸ್ಸುಕಾಲ

ನಮ್ಮ ದೊಡ್ಡಮ್ಮನಿಗೆ ಬೀದಿಯವರು ಇಟ್ಟ ಅಡ್ಡಹೆಸರು ‘ವಿಚಾರಣೆ’. ಎದುರಿಗೆ ಮಾತ್ರ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಕರೆದಿದ್ದರೆ ಆ ಹೆಸರನ್ನು ಯಾರು ಇಟ್ಟರು, ಯಾವಾಗ ಇಟ್ಟರು, ಇಡುವಾಗ ಪಕ್ಕದಲ್ಲಿ ಇನ್ನೂ ಯಾರಿದ್ದರು ಎಂದು ಅದರ ಮೇಲೂ ಒಂದು ವಿಚಾರಣೆ ಶುರುವಾಗುತ್ತಿತ್ತು. ಬೆಳಿಗ್ಗೆ ದೊಡ್ಡಪ್ಪ ಕಣ್ಣು ಬಿಡುವುದಕ್ಕೆ ಮೊದಲೇ ನಿದ್ದೆ ಬಂತಾ, ಕಾಲು ಉರೀತಾ, ಮಾತ್ರೆ ತಗೊಂಡ್ರಾ. ಬಾಗಿಲು ದಾಟುವಾಗ ಬನಿಯನ್ ಹಾಕ್ಕೊಂಡ್ರಾ. ಮಧ್ಯಾಹ್ನ ಫೋನು ಮಾಡಿ ಊಟ ಆಯ್ತಾ. ಸಂಜೆ ಮೆಟ್ಟಿಲ ಸದ್ದು ಕೇಳಿದ ಕೂಡಲೇ ಯಾಕೆ ತಡ. ನಾನು ಅವಳ ತಂಗಿಯ ಮಗಳು, ಅದೇ ಕಟ್ಟಡದ ಮೇಲಿನ ಮನೆಯಲ್ಲಿರುವವಳು, ಮೇಲಾಗಿ ಅವಳ ಜೊತೆಗೇ ಕೆಲಸ ಮಾಡುವವಳು. ನನ್ನ ಪಾಲಿನ ಪ್ರಶ್ನೆಗಳೂ ನನಗೆ ದಿನಾ ತಪ್ಪದೆ ಸಿಗುತ್ತಿದ್ದವು.

ವರ್ಷವಿಡೀ ಚಳಿ ಬಿಡದ ಈ ಬೆಟ್ಟದೂರಿನಲ್ಲಿ ನಮ್ಮದು ಬಟ್ಟೆ ಆಲ್ಟರೇಶನ್ ಅಂಗಡಿ. ಉದ್ದವಾದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಸಡಿಲ ಮಾಡುವುದು, ಜಿಪ್ಪು ಹೋದರೆ ಜಿಪ್ಪು. ದೊಡ್ಡಮ್ಮ ಪ್ಯಾಂಟುಗಳ ಸೊಂಟ ಹಿಡಿಯುವುದರಲ್ಲಿ ಎತ್ತಿದ ಕೈ. ಗಿರಾಕಿಯ ಸೊಂಟಕ್ಕೆ ಟೇಪು ಸುತ್ತುವಷ್ಟರಲ್ಲಿ ಅವನ ಮನೆಯ ಕಷ್ಟಸುಖವನ್ನೂ ಅಳೆದು ಮುಗಿಸಿರುತ್ತಿದ್ದಳು.

ದೊಡ್ಡಪ್ಪ ಬೀಗದಕೈ ಮಾಡುವವರು. ಬಸ್ ನಿಲ್ದಾಣದ ಪಕ್ಕದ ಓಣಿಯಲ್ಲಿ, ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ ಅವರ ಗೂಡಂಗಡಿ. ಕೀಲಿ ಕತ್ತರಿಸಲು ಮೆಷೀನು ಇತ್ತು. ಆದರೂ ಕೊನೆಯ ಒಂದೆರಡು ಉಜ್ಜನ್ನು ಕೈಯಲ್ಲಿ ಅರ ಹಿಡಿದು ತಾವೇ ಉಜ್ಜಬೇಕು, ಇಲ್ಲವಾದರೆ ಅವರಿಗೆ ಸಮಾಧಾನವಿಲ್ಲ. ಊರಿನವರ ಬೀಗಗಳನ್ನೆಲ್ಲ ತೆಗೆದುಕೊಡುವ ಮನುಷ್ಯನ ಬಾಯಿಗೇ ಬೀಗ ಎಂದು ನಾನು ಛೇಡಿಸುತ್ತಿದ್ದೆ. ಮಾತೆಂದರೆ ‘ಹೂಂ’, ಇಲ್ಲವೇ ‘ಏನಿಲ್ಲ’. ಆದರೆ ಒಂದು ಗುಣವಿತ್ತು. ನೇರವಾಗಿ ಕೇಳಿದ ಪ್ರಶ್ನೆಗೆ ಹೆಂಡತಿಯ ಹತ್ತಿರ ಅವರು ಸುಳ್ಳು ಹೇಳಿದವರಲ್ಲ. ಗೂಬೆಯಂತೆ ಕೂತಿದ್ದು, ಕೇಳಿದ್ದಕ್ಕೆ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿ ಮತ್ತೆ ಸುಮ್ಮನಾಗುವವರು.

ಅಂಥವರು ಆ ವರ್ಷ, ಪಾಸ್ಖ ಅಂದರೆ ಈಸ್ಟರ್ ಹಬ್ಬದ ಮುಂಚಿನ ನಲವತ್ತು ದಿನದ ತಪಸ್ಸುಕಾಲಕ್ಕೆ ಸ್ವಲ್ಪ ಮುಂಚೆ, ಒಮ್ಮೆ ಸಿಡಿದರು. ಸಕ್ಕರೆ ಕಾಯಿಲೆಯವರು, ಡಾಕ್ಟರು ಮಾತ್ರೆಯನ್ನು ಜೋರು ಮಾಡಿ ಕಳಿಸಿದ್ದರು. ಮನೆಗೆ ಬಂದು ತಟ್ಟೆಯ ಮುಂದೆ ಕೂತಿದ್ದೇ ತಡ, ದೊಡ್ಡಮ್ಮ ಶುರುಮಾಡಿದಳು. ಡಾಕ್ಟರ್ ಏನಂದರು, ಯಾಕೆ ಹಾಗಂದರು, ನೀವೇನು ಹೇಳಿದಿರಿ, ಅದನ್ನು ಯಾಕೆ ಹೇಳಲಿಲ್ಲ. ದೊಡ್ಡಪ್ಪ ತಟ್ಟೆಯನ್ನು ಆಚೆ ತಳ್ಳಿದರು.

“ಒಂದು ದಿನ, ಒಂದೇ ಒಂದು ದಿನ ನನ್ನನ್ನ ಏನೂ ಕೇಳದೆ ಇರೋಕಾಗುತ್ತಾ ನಿಂಗೆ?”

ಆಮೇಲೆ ಅವರೇ ತಟ್ಟೆ ಎಳೆದುಕೊಂಡು ತಲೆ ತಗ್ಗಿಸಿ ಉಂಡರು. ಆದರೆ ಮಾತು ಆಡಿದರೆ ಹೋಯಿತಲ್ಲ. ದೊಡ್ಡಮ್ಮ ಅದನ್ನು ಮಡಿಸಿ ಎದೆಯೊಳಗೆ ಇಟ್ಟುಕೊಂಡಳು.

ತಪಸ್ಸುಕಾಲದ ಮೊದಲ ದಿನ, ಬೂದಿ ಬುಧವಾರ, ಚರ್ಚಿನಲ್ಲಿ ಹಣೆಗೆ ಬೂದಿ ಹಚ್ಚಿಸಿಕೊಂಡು ಕೂತಾಗ, ನಮ್ಮ ಹೊಸ ಪಾದ್ರಿ, ಮೀಸೆ ಸರಿಯಾಗಿ ಬಲಿಯದ ಹುಡುಗ, ಪ್ರಬೋಧನೆ ಮಾಡಿದರು. ಪಾಸ್ಖ ಹಬ್ಬದವರೆಗೆ ದೊಡ್ಡ ದೊಡ್ಡ ಹರಕೆ ಬೇಡ, ಚಿಕ್ಕದೊಂದನ್ನು ಬಿಡಿ, ಆದರೆ ಪ್ರೀತಿಯಿಂದ ಬಿಡಿ, ನೀವು ಬಿಟ್ಟದ್ದರಿಂದ ಮನೆಯಲ್ಲಿ ಒಬ್ಬರಿಗಾದರೂ ಹಗುರವಾಗಬೇಕು ಎಂದರು. ಮತ್ತೆ, ಬಿಟ್ಟದ್ದನ್ನು ಡಂಗುರ ಸಾರಬೇಡಿ, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದರು. ನಾನು ಪ್ರತಿ ವರ್ಷದಂತೆ ಸಿಹಿ ಬಿಡುವುದೆಂದು ತೀರ್ಮಾನಿಸಿದೆ. ದೇವರಿಗೂ ಆಯಿತು, ಸೊಂಟಕ್ಕೂ ಆಯಿತು.

ಮನೆಗೆ ಬರುವ ದಾರಿಯಲ್ಲೇ ದೊಡ್ಡಮ್ಮ ನನಗೆ ತನ್ನ ಗುಟ್ಟು ಹೇಳಿಬಿಟ್ಟಳು. ಎಡಗೈಗೆ ಹೇಳಬಾರದು ಅಂದಿದ್ದಾರೆ, ನೀನು ಎಡಗೈ ಅಲ್ಲವಲ್ಲ ಎಂಬುದು ಅವಳ ಸಮಜಾಯಿಷಿ. ಅವಳು ಬಿಟ್ಟದ್ದು ಪ್ರಶ್ನೆಯನ್ನು. ಹಬ್ಬದವರೆಗೆ ದೊಡ್ಡಪ್ಪನನ್ನು ಏನೊಂದೂ ಕೇಳುವುದಿಲ್ಲ. ಅವರಿಗೆ ಹಗುರವಾಗಲಿ, ಅದರ ಫಲವಾಗಿ ಅವರ ಸಕ್ಕರೆ ಇಳಿಯಲಿ ಎಂದು ಬೇಡಿಕೊಂಡು ದೇವರಿಗೆ ಒಪ್ಪಿಸಿದ್ದಳು. ನಾನು ನಕ್ಕೆ. ಮೀನು ನೀರು ಬಿಟ್ಟ ಹಾಗಾಯಿತು, ಸಂಜೆಯವರೆಗೆ ಇದ್ದರೆ ನೋಡೋಣ ಎಂದೆ.

ಸಂಜೆಯೂ ಇದ್ದಳು, ಮರುದಿನವೂ ಇದ್ದಳು. ಮೊದಮೊದಲು ಅಡ್ಡದಾರಿ ಹಿಡಿದಳು. ‘ಇವತ್ತು ಬಹಳ ಚಳಿ, ಬನಿಯನ್ ಹಾಕಿಕೊಂಡವರೇ ಪುಣ್ಯವಂತರು’ ಎಂದು ಗೋಡೆಯ ಕಡೆ ತಿರುಗಿ ಹೇಳುವುದು. ‘ಕೆಲವರು ಮಾತ್ರೆ ಮರೆಯುತ್ತಾರಂತೆ’ ಎಂದು ಒಲೆಗೆ ಹೇಳುವುದು. ಇದು ಕಳ್ಳ ಉಪವಾಸ ಎಂದು ನಾನು ಹಂಗಿಸಿದ ಮೇಲೆ ಅದನ್ನೂ ಬಿಟ್ಟಳು. ಮಧ್ಯಾಹ್ನದ ಫೋನೂ ನಿಂತಿತು. ಆ ಹೊತ್ತಿಗೆ ಸರಿಯಾಗಿ ಅವಳ ಕೈ ಹೊಲಿಗೆ ಮೆಷೀನಿನಿಂದ ಫೋನಿನ ಕಡೆ ಹೋಗುತ್ತಿತ್ತು, ಅರ್ಧಕ್ಕೆ ತಡೆದು ದಾರದ ಉಂಡೆ ಎತ್ತಿಕೊಳ್ಳುತ್ತಿದ್ದಳು. ಆ ಮನೆಯಲ್ಲಿ ಎಷ್ಟೋ ವರ್ಷದ ಮೇಲೆ ಗಡಿಯಾರದ ಸದ್ದು ಕೇಳಿಸತೊಡಗಿತು. ದೊಡ್ಡಪ್ಪ ಆಗಾಗ ತಲೆ ಎತ್ತಿ ಅವಳನ್ನು ನೋಡುತ್ತಿದ್ದರು, ಮತ್ತೆ ತಗ್ಗಿಸುತ್ತಿದ್ದರು. ಹಾಯಾಗಿದ್ದಾರೆ ಎಂದು ದೊಡ್ಡಮ್ಮ ತಿಳಿದಳು. ನಾನೂ ಹಾಗೇ ತಿಳಿದೆ.

ಎರಡನೆಯ ವಾರ ಕಳೆದ ಮೇಲೆ ಅವಳು ಒಗೆದ ಬಟ್ಟೆಗಳಿಂದ ಅವರ ಪ್ಯಾಂಟು ಎತ್ತಿ ಅಂಗಡಿಗೆ ತಂದಳು. ಬೆಲ್ಟು ಹಾಕಿದರೂ ಜಾರುತ್ತಿದೆ ಎಂದು ಸೊಂಟ ಬಿಚ್ಚಿ ಒಳಗೆ ಹಿಡಿದಳು. ಸಕ್ಕರೆ ಇಳಿಯುತ್ತಿದೆ, ಅದಕ್ಕೇ ಮೈ ಕರಗುತ್ತಿದೆ, ಪ್ರಾರ್ಥನೆ ಮುಟ್ಟಿದೆ ಎಂದು ಮುಖ ಅರಳಿಸಿ ಹೇಳಿದಳು. ಸ್ವಲ್ಪ ದಿನಕ್ಕೆ ಅದೇ ಪ್ಯಾಂಟು ಮತ್ತೆ ಬಂತು. ಈ ಸಲ ಹೊಲಿಗೆ ಬಿಚ್ಚುವಾಗ ಅವಳು ಟೇಪನ್ನು ಎರಡೆರಡು ಸಲ ಹಿಡಿದು ನೋಡಿದಳು. ಇಂಚು ಎಂಬುದು ಬಾಯಿಮಾತಿಗೆ ಬಗ್ಗುವಂಥದ್ದಲ್ಲ, ಅದು ಅವಳಿಗೆ ಗೊತ್ತು. ಅವಳ ಅಪ್ಪ, ನನ್ನ ತಾತ, ಹೀಗೇ ಇಂಚು ಇಂಚಾಗಿ ಕರಗಿ ತೀರಿಹೋದವರು.

ಅಲ್ಲಿಂದ ಶುರುವಾಯಿತು ಅವಳ ಸಂಕಟ. ದೊಡ್ಡಪ್ಪ ಸಂಜೆ ಮೆಟ್ಟಿಲು ಹತ್ತುವಾಗ ನಡುವೆ ಕೂತು ಏಳುವುದನ್ನು ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಚಳಿಯಲ್ಲೂ ಅವರ ಕಾಲರ್ ಬೆವರಿನಿಂದ ಒದ್ದೆಯಾಗಿರುತ್ತಿತ್ತು. ಚಮಚ ಹಿಡಿದರೆ ತಟ್ಟೆಯ ಅಂಚಿಗೆ ತಾಗಿ ಟಿಣಟಿಣ ಅನ್ನುತ್ತಿತ್ತು. ಊಟದ ಡಬ್ಬಿ ಮಾತ್ರ ದಿನಾ ಖಾಲಿಯಾಗಿ, ತೊಳೆದು ಒರೆಸಿಕೊಂಡು ಮನೆಗೆ ಬರುತ್ತಿತ್ತು. ಮಾತ್ರೆಯ ಪಟ್ಟಿಯೂ ಲೆಕ್ಕಕ್ಕೆ ಸರಿಯಾಗಿ ಖಾಲಿಯಾಗುತ್ತಿತ್ತು. ಇಷ್ಟು ತಿಂದೂ, ಔಷಧಿ ತಗೊಂಡೂ ಒಣಗುತ್ತಾರೆ ಎಂದರೆ ಒಳಗೆ ಏನೋ ತಿನ್ನುತ್ತಿದೆ ಎಂದು ಅವಳು ನಿಶ್ಚಯ ಮಾಡಿಕೊಂಡಳು. ಡಬ್ಬಿಗೆ ಇನ್ನೊಂದು ಸೌಟು ಹೆಚ್ಚು ತುಂಬಿದಳು. ಅದೂ ಖಾಲಿಯಾಗಿ ಬಂತು.

ಕೇಳಿಬಿಡು ಎಂದೆ ನಾನು. ಗಂಡನಿಗೆ ಏನಾಗಿದೆ ಎಂದು ಕೇಳುವುದು ಯಾವ ಪಾಪ? ಅವಳು ಸೂಜಿಯನ್ನು ಬಾಯಿಯ ಅಂಚಿನಲ್ಲಿ ಹಿಡಿದೇ ತಲೆ ಅಲ್ಲಾಡಿಸಿದಳು. ಆಮೇಲೆ ಸೂಜಿ ತೆಗೆದು, ತಗ್ಗಿದ ದನಿಯಲ್ಲಿ ಹೇಳಿದಳು:

“ಅವರಿಗೋಸ್ಕರಾನೇ ಒಪ್ಪಿಸಿದ್ದು ಕಣೆ. ನಡುವೆ ಮುರಿದು, ಅವರಿಗೆ ಏನಾದ್ರೂ ಆಗಿಬಿಟ್ರೆ? ನಾನು ಕೇಳಿದ್ದಕ್ಕೇ ಆಯ್ತು ಅಂತ ಜೀವಮಾನ ಪೂರ್ತಿ ಅಂದ್ಕೊಂಡಿರಬೇಕಾ?”

ನನಗೆ ರೇಗಿತು. ದೇವರೇನು ಅರ್ಧ ಬಿಟ್ಟ ಕೆಲಸಕ್ಕೆ ಕೂಲಿ ಮುರಿದುಕೊಳ್ಳುವ ಮೇಸ್ತ್ರಿಯಾ ಎಂದು ಜೋರಾಗಿಯೇ ಕೇಳಿದೆ. ಬಿಸಿತುಪ್ಪ ಬಾಯಿಗೆ ಹಾಕಿಕೊಂಡವಳ ಹಾಗಿತ್ತು ಅವಳ ಸ್ಥಿತಿ, ನುಂಗುವಂತಿಲ್ಲ, ಉಗುಳುವಂತಿಲ್ಲ. ಪ್ರಶ್ನೆ ಬಿಟ್ಟವಳು ಅಪ್ಪಣೆಯನ್ನೇನೂ ಬಿಟ್ಟಿರಲಿಲ್ಲವಾದ್ದರಿಂದ, ಒಂದು ಸಂಜೆ ಧೈರ್ಯ ಮಾಡಿ, ಡಾಕ್ಟರ ಹತ್ತಿರ ಹೋಗಿ ಬನ್ನಿ ಎಂದಳಂತೆ. ಹಬ್ಬ ಕಳೀಲಿ ಎಂದರಂತೆ ದೊಡ್ಡಪ್ಪ. ಯಾಕೆ ಹಬ್ಬದವರೆಗೆ ಎಂಬ ಪ್ರಶ್ನೆ ಅವಳ ನಾಲಿಗೆಯ ತುದಿಯವರೆಗೂ ಬಂದು ಅಲ್ಲೇ ಕೂತಿತು. ನಾನೇ ಮೆಟ್ಟಿಲಲ್ಲಿ ಅಡ್ಡ ನಿಂತು, ದೊಡ್ಡಪ್ಪ, ಯಾಕೆ ಇಳಿದುಹೋಗಿದ್ದೀರಿ ಎಂದು ಕೇಳಿದೆ. ಏನಿಲ್ಲ, ವಯಸ್ಸು ಎಂದು ಗೋಡೆ ಹಿಡಿದುಕೊಂಡು ಹತ್ತಿದರು. ನಾನು ಅವರ ಹೆಂಡತಿಯಲ್ಲವಲ್ಲ.

ಕೊನೆಗೆ ಪಾಪನಿವೇದನೆಗೆ ಹೋದಳು. ಆ ಕಿಟಕಿಯ ಜಾಲರಿಯ ಹಿಂದೆ ಕೂತ ಹುಡುಗ ಪಾದ್ರಿಯ ಹತ್ತಿರ ಇದ್ದದ್ದನ್ನೆಲ್ಲ ಹೇಳುತ್ತಾಳೆಂದು ನಾನು ನಂಬಿದ್ದೆ. ಇವಳು ಹೇಳಿದ್ದು ಇಷ್ಟೇ: ಒಂದನ್ನು ಬಿಟ್ಟಿದ್ದೇನೆ ಸ್ವಾಮಿ, ಅದು ದಿನಾ ಕರೆಯುತ್ತಿದೆ. ಏನನ್ನು ಬಿಟ್ಟದ್ದು ಎಂದು ಹೇಳಿದರೆ ಗುಟ್ಟು ಕೆಡುತ್ತದೆಂದು ಅಷ್ಟಕ್ಕೇ ನಿಲ್ಲಿಸಿದಳು. ಪಾಪ, ಆ ಹುಡುಗ ಕಾಫಿಯೋ ಸಿಹಿಯೋ ಇರಬೇಕೆಂದು ಎಣಿಸಿ, ಗಟ್ಟಿಯಾಗಿರು ಅಮ್ಮ, ಕಷ್ಟವಾದಷ್ಟೂ ಬೆಲೆ ಹೆಚ್ಚು ಎಂದು ಹರಸಿ ಕಳಿಸಿದರು. ಇದನ್ನು ಕೇಳಿ ನಾನು ಹಣೆ ಚಚ್ಚಿಕೊಂಡೆ. ಊರಿನವರ ಬಾಯಿಯಿಂದ ಹೊಟ್ಟೆಯಲ್ಲಿರುವುದನ್ನೆಲ್ಲ ಹೊರಗೆಳೆಯುವ ಹೆಂಗಸಿಗೆ ತನ್ನ ಹೊಟ್ಟೆಯದನ್ನು ಹೇಳಲು ಬರಲಿಲ್ಲ.

ಹಬ್ಬಕ್ಕೆ ಒಂದು ವಾರ ಮುಂಚೆ ಬರುವ ಗರಿಗಳ ಭಾನುವಾರಕ್ಕೆ ಇನ್ನೂ ಸ್ವಲ್ಪ ದಿನವಿತ್ತು. ಮಧ್ಯಾಹ್ನ ಒಬ್ಬರು ಶಾಲಾ ಮೇಡಂ ತಮ್ಮ ಕೋಟು ಒಯ್ಯಲು ಬಂದರು. ಬಟನ್ ಹಾಕಿ ನೋಡುತ್ತಾ ಇವತ್ತು ಎಲ್ಲಾ ಕೆಲಸವೂ ಕೆಟ್ಟಿತು ಎಂದು ಗೊಣಗಿದರು. ಬಸ್ ನಿಲ್ದಾಣದ ಓಣಿಯ ಮುದುಕನ ಹತ್ತಿರ ಕೀಲಿ ಮಾಡಿಸಿದರೆ ಬೀಗಕ್ಕೆ ಹೋಗಲೇ ಇಲ್ಲವಂತೆ. ವಾಪಸು ಒಯ್ದರೆ ಆತ ಇನ್ಯಾರದೋ ಕೀಲಿ ಕೈಗಿಟ್ಟನಂತೆ. ಒಳ್ಳೆ ಕೆಲಸಗಾರ ಅಂತ ಹೆಸರು, ಈಗ ನೋಡಿದರೆ ಈ ಥಂಡಿಯಲ್ಲಿ ಬೆವರಿ ಸ್ನಾನ ಮಾಡಿದ ಹಾಗೆ ಕೂತಿದ್ದಾನೆ, ಕುಡಿದಿರಬೇಕು ಎಂದರು ಮೇಡಂ. ಅವರಿಗೆ ಪಾಪ ಯಾರ ಮುಂದೆ ಹೇಳುತ್ತಿದ್ದೇನೆಂದು ಗೊತ್ತಿರಲಿಲ್ಲ.

ದೊಡ್ಡಮ್ಮ ಕತ್ತರಿಯನ್ನು ಬಟ್ಟೆಯ ಮೇಲೇ ಬಿಟ್ಟು ಎದ್ದಳು. ಕೊರಳಲ್ಲಿ ಟೇಪು ನೇತಾಡುತ್ತಿದ್ದ ಹಾಗೇ ಬೀದಿಗಿಳಿದಳು. ನಾನು ಬಾಗಿಲು ಎಳೆದುಕೊಂಡು ಹಿಂದೆ ಓಡಿದೆ. ಅಷ್ಟು ದಪ್ಪ ಮೈಯ ಹೆಂಗಸು ಹಾಗೆ ನಡೆದದ್ದನ್ನು ನಾನು ಕಂಡಿರಲಿಲ್ಲ. ಸಿಗ್ನಲ್ಲಿನಲ್ಲಿ ಗಾಡಿಗಳು ನಿಂತಿವೆಯೋ ಓಡುತ್ತಿವೆಯೋ ಎಂದು ಕೂಡ ನೋಡಲಿಲ್ಲ.

ದೊಡ್ಡಪ್ಪನ ಗೂಡಿನ ಪಕ್ಕದಲ್ಲಿ ಒಬ್ಬ ಛತ್ರಿ ರಿಪೇರಿಯವನು ಕೂರುತ್ತಿದ್ದ. ಕಸುಬಿನಿಂದ ಮಾತ್ರ ಛತ್ರಿ, ಗುಣದಿಂದ ಸಾಧು. ಹಿಂದಿನ ವರ್ಷ ಹೆಂಡತಿ ತೀರಿಕೊಂಡ ಮೇಲೆ ಮಧ್ಯಾಹ್ನ ಒಂದು ಬನ್ನು ತಿಂದು ನೀರು ಕುಡಿಯುತ್ತಿದ್ದವನು. ನಾವು ಓಣಿ ತಿರುಗಿದಾಗ ಅವನು ಮಡಿಲಲ್ಲಿ ಡಬ್ಬಿ ಇಟ್ಟುಕೊಂಡು ನೆಮ್ಮದಿಯಾಗಿ ಉಣ್ಣುತ್ತಿದ್ದ. ದೊಡ್ಡಮ್ಮನ ಡಬ್ಬಿ. ಅವಳು ಬೆಳಿಗ್ಗೆ ಒಂದು ಸೌಟು ಹೆಚ್ಚು ತುಂಬಿದ್ದ ಅದೇ ಡಬ್ಬಿ. ಅವನ ಕೆನ್ನೆ ತುಂಬಿಕೊಂಡಿತ್ತು.

ದೊಡ್ಡಪ್ಪ ಸ್ಟೂಲಿನ ಮೇಲೆ ಬಗ್ಗಿ ಕೂತು ಅರ ಆಡಿಸುತ್ತಿದ್ದರು. ಇಕ್ಕಳದಲ್ಲಿ ಎರಡು ಕೀಲಿ ಪಕ್ಕಪಕ್ಕ ಇದ್ದವು, ಗಿರಾಕಿ ಕೊಟ್ಟ ಹಳೆಯದು ಮತ್ತು ಹೊಸದು. ಹಳೆಯದನ್ನು ನೋಡಿಕೊಂಡು ಹೊಸದನ್ನು ಉಜ್ಜಬೇಕು. ಅವರು ಹಳೆಯದನ್ನೇ ಉಜ್ಜುತ್ತಿದ್ದರು. ಹಲ್ಲುಗಳೆಲ್ಲ ಸವೆದು ಅದು ಚಮಚದ ಹಿಡಿಯಂತೆ ನುಣ್ಣಗಾಗಿತ್ತು. ಬೆವರು ಮೂಗಿನ ತುದಿಯಿಂದ ಕೈಯ ಮೇಲೆ ತೊಟ್ಟಿಕ್ಕುತ್ತಿತ್ತು. ನೆರಳು ಬಿದ್ದಾಗ ತಲೆ ಎತ್ತಿ ದೊಡ್ಡಮ್ಮನನ್ನು ನೋಡಿದರು.

“ನಾಳೆ ಬನ್ನಿ ಅಮ್ಮ,” ಎಂದರು. “ನಿಮ್ಮದು ಇನ್ನೂ ಆಗಿಲ್ಲ.”

ಹೆಂಡತಿಯನ್ನು ಅವರು ‘ನೀವು’ ಎಂದಿದ್ದರು. ದೊಡ್ಡಮ್ಮ ಅವರ ಮುಂದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಎರಡೂ ಕೈಯಿಂದ ಅವರ ಮುಖ ಹಿಡಿದಳು.

“ರೀ, ಊಟ ಮಾಡಿದ್ರಾ?”

ಅವರು ಸ್ವಲ್ಪ ಹೊತ್ತು ಹುಡುಕಿದರು. ಎಲ್ಲಿ ಹುಡುಕಿದರೋ ಏನೋ. ಆ ದನಿಗೆ, ಆ ಪ್ರಶ್ನೆಗೆ ಸುಳ್ಳು ಹೇಳಿ ಅವರಿಗೆ ಅಭ್ಯಾಸವಿರಲಿಲ್ಲ.

“ಇಲ್ಲ,” ಎಂದರು.

ಛತ್ರಿಯವನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ನಾನು ಎದುರಿನ ಟೀ ಅಂಗಡಿಗೆ ಓಡಿ ಸಕ್ಕರೆ ಡಬ್ಬವನ್ನೇ ಎತ್ತಿಕೊಂಡು ಬಂದೆ. ನೀರಿಗೆ ಕದಡಿ, ಗುಟುಕು ಗುಟುಕಾಗಿ ಕುಡಿಸಿದೆವು. ಅರ್ಧ ಲೋಟ ಗದ್ದದ ಮೇಲೆ ಹರಿಯಿತು. ದೊಡ್ಡಮ್ಮ ಪ್ರಶ್ನೆಗಳ ಕಟ್ಟೆ ಒಡೆದವಳಂತೆ ಕೇಳುತ್ತಲೇ ಇದ್ದಳು. ನಾನು ಯಾರು, ಹೇಳಿ? ಈ ಹುಡುಗಿಯ ಹೆಸರೇನು? ಇದು ಯಾವ ಓಣಿ? ಬಹಳ ಹೊತ್ತಾದ ಮೇಲೆ ದೊಡ್ಡಪ್ಪ ಅವಳ ಕೊರಳಿನ ಟೇಪನ್ನು ನೋಡಿ, ಅಂಗಡಿ ಬಿಟ್ಟು ಯಾಕೆ ಬಂದೆ ಎಂದು ಕೇಳಿದರು. ‘ಬಂದೆ’ ಎಂದಿದ್ದರು. ಅಷ್ಟು ಕೇಳಿದ್ದೇ ಅವಳು ಅಲ್ಲೇ ಬಸ್ಸಿಗೆ ಹೋಗುವವರೆಲ್ಲ ನೋಡುವ ಹಾಗೆ ಅತ್ತಳು.

ಆಸ್ಪತ್ರೆಯ ನರ್ಸು ಗ್ಲೂಕೋಸ್ ಬಾಟಲಿ ಹಚ್ಚಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈದಳು. ಈ ಮಾತ್ರೆ ನುಂಗಿ ಹೊಟ್ಟೆ ಖಾಲಿ ಬಿಟ್ಟರೆ ಸಕ್ಕರೆ ಪಾತಾಳಕ್ಕಿಳಿಯುತ್ತದೆ, ಇನ್ನು ಸ್ವಲ್ಪ ತಡವಾಗಿದ್ದರೆ ಎಬ್ಬಿಸಿದರೂ ಏಳುತ್ತಿರಲಿಲ್ಲ ಎಂದಳು. ಅವಳು ಆಚೆ ಹೋದ ಮೇಲೆ ದೊಡ್ಡಮ್ಮ ಮಂಚದ ಅಂಚಿನಲ್ಲಿ ಕೂತು ಒಂದೇ ಮಾತು ಕೇಳಿದಳು, ಯಾಕೆ ಎಂದು. ದೊಡ್ಡಪ್ಪ ಛಾವಣಿ ನೋಡುತ್ತಾ, ನನಗೆ ತಿಳಿದ ಮಟ್ಟಿಗೆ ತಮ್ಮ ಜೀವನದ ಅತಿ ಉದ್ದದ ಮಾತನ್ನು ಆಡಿದರು.

“ಆವತ್ತು ನಿನ್ನ ಮೇಲೆ ರೇಗಿದ್ನಲ್ಲ. ಅದಾದ ಮೇಲೆ ನೀನು ಕೇಳೋದೇ ಬಿಟ್ಬಿಟ್ಟೆ. ನೊಂದ್ಕೊಂಡಿದ್ದಾಳೆ ಅಂತ, ಪ್ರಾಯಶ್ಚಿತ್ತವಾಗಿ ಮೊದಲು ಸಂಜೆ ಟೀ ಬಿಟ್ಟೆ. ನೀನು ಮಾತಾಡ್ಲಿಲ್ಲ. ಸಾಲ್ದೇನೋ ಅಂತ ಮಧ್ಯಾಹ್ನದ ಊಟ ಬಿಟ್ಟೆ, ಪಕ್ಕದವನಿಗಾದ್ರೂ ಆಗ್ಲಿ ಅಂತ. ಯಾರಿಗೂ ಹೇಳ್ಬಾರ್ದು ಅಂದಿದ್ರಲ್ಲ ಫಾದರ್. ನೀನು ಒಂದು ಸಲ ಕೇಳಿದ್ರೆ ಹೇಳ್ತಿದ್ದೆ. ದಿನಾ ಕಾಯ್ತಿದ್ದೆ.”

ದೊಡ್ಡಮ್ಮ ತಾನು ಬಿಟ್ಟದ್ದೇನೆಂದು ಹೇಳಿದಳು. ಯಾರಿಗಾಗಿ ಎಂಬುದನ್ನೂ ಹೇಳಿದಳು. ನನಗೆ ಅಳುವುದೋ, ಇಬ್ಬರ ತಲೆಯನ್ನೂ ಹಿಡಿದು ಡಿಕ್ಕಿ ಹೊಡೆಸುವುದೋ ತಿಳಿಯಲಿಲ್ಲ. ಇವಳು ಪ್ರೀತಿಯಿಂದ ಬಾಯಿ ಕಟ್ಟಿಕೊಂಡಷ್ಟೂ ಅವರು ಪ್ರೀತಿಯಿಂದ ಹೊಟ್ಟೆ ಕಟ್ಟಿಕೊಂಡಿದ್ದರು. ಇಂಥ ಎರಡು ಪ್ರಾಣಿಗಳನ್ನು ಒಂದೇ ಮನೆಯಲ್ಲಿ ಕಟ್ಟಿದ ದೇವರ ತಾಳ್ಮೆ ದೊಡ್ಡದು.

ಪಾದ್ರಿ ಸುದ್ದಿ ಕೇಳಿ ಓಡಿ ಬಂದರು. ಔಷಧಿಯ ಮೇಲಿರುವವರು ಊಟ ಬಿಡಬಾರದೆಂದು ಪ್ರಬೋಧನೆಯಲ್ಲೇ ಹೇಳಬೇಕಿತ್ತು ಎಂದು ಆ ಹುಡುಗ ಅಳುಮುಖ ಮಾಡಿ, ಇಬ್ಬರಿಗೂ ಬಿಟ್ಟದ್ದನ್ನು ಮತ್ತೆ ಹಿಡಿಯಲು ಹೇಳಿ ಹೋದರು.

ಕೆಲವು ದಿನದ ವಿಶ್ರಾಂತಿಯ ನಂತರ ದೊಡ್ಡಪ್ಪ ಮತ್ತೆ ಗೂಡಂಗಡಿ ತೆರೆದರು. ಆ ಬೆಳಿಗ್ಗೆ ದೊಡ್ಡಮ್ಮ ಎಂದಿನಂತೆ ಡಬ್ಬಿ ಕಟ್ಟಿದಳು, ಛತ್ರಿಯವನಿಗೆ ಬೇರೆ ಡಬ್ಬಿ. ಅಂಗಡಿಗೆ ಬಂದವಳು ಹೊಲಿಗೆಗೆ ಕೂತಳು, ಆದರೆ ಒಂದೇ ಅಂಚನ್ನು ಹೊಲಿದು ಬಿಚ್ಚಿ, ಹೊಲಿದು ಬಿಚ್ಚಿ ಮಾಡುತ್ತಿದ್ದಳು. ಮಧ್ಯಾಹ್ನವಾಯಿತು. ಫೋನು ಎದುರಿಗೇ ಇತ್ತು. ಈಗ ಯಾವ ಹರಕೆಯೂ ಅಡ್ಡವಿರಲಿಲ್ಲ. ಮಾಡು ದೊಡ್ಡಮ್ಮ ಎಂದೆ. ಮಾಡುತ್ತೇನೆ ಎಂದವಳು ಮಾಡಲಿಲ್ಲ. ಮತ್ತೆ ‘ಇಲ್ಲ’ ಎಂದುಬಿಟ್ಟರೆ ಎಂಬ ಭಯ ಅವಳಿಗೆ. ಅಷ್ಟು ವರ್ಷ ನೀರು ಕುಡಿದ ಹಾಗೆ ಕೇಳಿದ ಮಾತು ಈಗ ಗಂಟಲಲ್ಲಿ ಮೂಳೆಯಾಗಿ ಸಿಕ್ಕಿಕೊಂಡಿತ್ತು. ನಾನೇ ಮಾಡೋಣವೆಂದು ಏಳುವಷ್ಟರಲ್ಲಿ ಫೋನು ಹೊಡೆದುಕೊಂಡಿತು.

ಇಬ್ಬರೂ ಬೆಚ್ಚಿದೆವು. ಅವಳು ಎತ್ತಿದಳು. ದೊಡ್ಡಪ್ಪನ ದನಿ ನನಗೂ ಕೇಳಿಸುವಷ್ಟು ಜೋರಾಗಿತ್ತು, ಫೋನಿನಲ್ಲಿ ಮಾತಾಡಿ ರೂಢಿಯಿಲ್ಲದವರ ಕೂಗು. ಅವರಾಗಿಯೇ ಫೋನು ಮಾಡಿದ್ದು ಅದೇ ಮೊದಲು. ಪಾಠ ಒಪ್ಪಿಸುವವರ ಹಾಗೆ ಹೇಳಿದರು: ಊಟ ಆಯ್ತು. ಪೂರ್ತಿ ಉಂಡೆ. ಮಾತ್ರೆ ಬೆಳಿಗ್ಗೆ ತಗೊಂಡೆ. ಕೈ ನಡುಗ್ತಿಲ್ಲ. ಆ ಮೇಡಂ ಕೀಲಿ ಸರಿಹೋಯ್ತು. ಬನಿಯನ್ ಹಾಕ್ಕೊಂಡಿದ್ದೀನಿ.

ದೊಡ್ಡಮ್ಮ ತುಟಿ ಕಚ್ಚಿ ಕೂತಿದ್ದಳು. ಆ ಕಡೆ ಮಾತು ಮುಗಿದಂತಿತ್ತು, ಆದರೂ ಇಡಲಿಲ್ಲ. ಬಸ್ಸುಗಳ ಸದ್ದು, ಯಾರೋ ಗಿರಾಕಿಯ ಸದ್ದು ಕೇಳಿಸುತ್ತಿತ್ತು. ಆಮೇಲೆ ಅವರು ಗಂಟಲು ಸರಿಮಾಡಿಕೊಂಡು, ಸ್ವಲ್ಪ ನಾಚಿಕೆಯಿಂದೆಂಬಂತೆ ಕೇಳಿದರು:

“ನೀನು ತಿಂದ್ಯಾ?”

ಅವಳು ಬೆಳಗಿನಿಂದ ಒಂದು ಹನಿ ನೀರು ಕುಡಿದಿರಲಿಲ್ಲ. ಮದುವೆಯಾದಂದಿನಿಂದ ಊರಿಗೆಲ್ಲ ಕೇಳಿಕೊಂಡು ಬಂದ ಆ ಮಾತನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಅವಳು ನನ್ನ ಮುಖ ನೋಡಿದಳು. ಆಮೇಲೆ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

“ಇಲ್ಲ ರೀ.”